ಉಪ್ಪಾದ ಹಿಮದುಂಡೆ

…ಅಲ್ಲ ಅತ್ತಿಗೆ, ನೀವೇ ಹೇಳಿ, ಇದಕ್ಕೂ ಒಂದು ವಿದ್ಯೆ ಅಂತ ಬೇಕಾ? ಬಿಸಿನೀರಿನ ಪಾತ್ರೆ ಮೇಲೊಂದು ಬಟ್ಟಲು, ಬಟ್ಟಲಲ್ಲಿ ಬಿಳಿ ಚಾಕೊಲೇಟು, ಕೈಯಲ್ಲೊಂದು ಸೌಟು. ಮುಗೀತು! ಇಷ್ಟಕ್ಕೆ ಇಡೀ ಬೀದಿ ವರ್ಷಾ ವರ್ಷಾ ನಿಮ್ಮನ್ನ ಹೊತ್ತು ಮೆರೆಸಿದ್ದೇ ಮೆರೆಸಿದ್ದು. ನಾನು ಯಾರು? ಹನ್ನೆರಡನೇ ಮಹಡಿಯಲ್ಲಿ ಸಿಕ್ಕಿಕೊಂಡ ಲಿಫ್ಟನ್ನ ಬರೀ ಒಂದು ಹೇರ್‌ಪಿನ್ನಿನಿಂದ ಕೆಳಗಿಳಿಸಿದವನು. ಒಳಗೆ ಏಳು ಜನ ಇದ್ರು, ಏಳು ಜನ! ಏನದು, ನಾಲ್ಕು ಬೆರಳು ಯಾಕೆ ಎತ್ತಿದಿರಿ? ಓಹೋ… ಹೋದ ಸಲ ನಾಲ್ಕು ಅಂದಿದ್ನಾ? ಇರಬಹುದು. ಉಳಿದ ಮೂವರು ತೀರಾ ಸಣಕಲು, ಆವಾಗ ಕಣ್ಣಿಗೆ ಬಿದ್ದಿರಲಿಲ್ಲ.

ನಗಿ, ನಗಿ. ಬೆಳಗಿನಿಂದ ಆ ಮೂಲೆ ಕುರ್ಚಿಯಲ್ಲಿ ಕಂಬದ ಹಾಗೆ ಕೂತಿದೀರಿ. ಒಂದು ಮಾತಿಲ್ಲ, ಕತೆಯಿಲ್ಲ. "ಈ ವರ್ಷ ನಾನು ಒಲೆ ಹತ್ರ ಬರೋದಿಲ್ಲ" ಅಂತ ನೀವೇ ಅಂದಿರಿ, ಸರಿ, ನಾನೇ ಸೊಂಟ ಕಟ್ಟಿ ನಿಂತೆ. ಅಣ್ಣ ಬಾಗಿಲು ಮುಚ್ಚಿ ಅಂದ, ವಾಸನೆ ಹೊರಗೆ ಬರುತ್ತಂತೆ. ಇಲ್ಲಿ ನಾನೂ ನೀವೂ ಇಬ್ರೇ. ಹಾಲಲ್ಲಿ ಆ ಮೂವರೂ ಕಾಗದದ ಪೊಟ್ಟಣಕ್ಕೆ ರಿಬ್ಬನ್ ಕಟ್ತಾ ಕೂತಿದಾರೆ. ಅಣ್ಣ, ನಿಮ್ಮ ಮಗಳು, ಆಮೇಲೆ ಪಕ್ಕದ ಮನೆ ಬೆಕ್ಕಿನ ಮಾಸ್ತರು. ಆರು ಬೆಕ್ಕು ಸಾಕಿದ ಮನುಷ್ಯ, ಕೋಟಿನ ತುಂಬಾ ಕೂದಲು, ಬಂದಿರೋದು ತಿನ್ನೋ ಪದಾರ್ಥದ ಪೊಟ್ಟಣ ಕಟ್ಟೋಕೆ! ಯಾರಿಗೆ ಹೇಳೋಣ ಇದನ್ನ?

ಮತ್ತೆ ಈ ಬೀದಿಯ ಚಳಿಗಾಲದ ಕೂಟ! ಈ ಬೀದಿಯಲ್ಲಿ ಹಿಮ ಬಿದ್ದದ್ದನ್ನ ಕಂಡವರು ಯಾರಾದ್ರೂ ಇದಾರಾ? ಒಬ್ಬರೂ ಇಲ್ಲ. ನೆಗಡಿ ಬಿಟ್ರೆ ಚಳಿಗಾಲದ್ದು ಇಲ್ಲಿ ಇನ್ನೇನೂ ಇಲ್ಲ. ಆದ್ರೂ ಸಭಾಂಗಣದ ಕಿಟಕಿಗೆಲ್ಲ ಹತ್ತಿ ಅಂಟಿಸ್ತಾರೆ, ಕಾಗದ ಕತ್ತರಿಸಿ ಹಿಮ ಅಂತಾರೆ, ಜೋಳದ ಅರಳಿಗೆ ಬಿಳಿ ಮಿಠಾಯಿ ಬಳಿದು ಹಿಮದುಂಡೆ ಅಂತಾರೆ. ಮೂರು ಉಂಡೆ ಒಂದರ ಮೇಲೊಂದು ಕೂರಿಸಿ, ಎರಡು ಸಾಸಿವೆಯಷ್ಟು ಚಾಕೊಲೇಟು ಕಣ್ಣಿಗೆ ಚುಚ್ಚಿ, ಹಿಮದ ಬೊಂಬೆಯಂತೆ! ಅದನ್ನ ನೋಡಿ ದೊಡ್ಡ ದೊಡ್ಡವರೆಲ್ಲ "ಅಯ್ಯೋ ಮುದ್ದೇ, ಹೇಗೆ ತಿನ್ನೋದು!" ಅಂತ ಕಣ್ಣರಳಿಸ್ತಾರೆ. ತಿಂದೇ ತಿಂತಾರೆ. ಮೊದಲು ತಲೆ ಕಚ್ತಾರೆ.

ಏನು, ಏನು? ಯಾಕೆ ಎದ್ದಿರಿ? ಸೌಟು ಒದ್ದೆಯಾಗಿದೆಯಾ? ಒಂದು ಹನಿ ನೀರಿಗೆ ಏನಾಗುತ್ತೆ ಬಿಡಿ, ನೀವೂ ನಿಮ್ಮ… ಅಯ್ಯಯ್ಯೋ! ಇದೇನಿದು, ಗಾರೆ ಕಲಸಿದ ಹಾಗೆ ಗಂಟು ಗಂಟಾಯ್ತಲ್ಲ! ಈಗಿನ್ನೂ ರೇಷ್ಮೆ ಥರ ಇತ್ತು! ಒಂದು ಹನಿ, ಆಣೆಗೂ ಒಂದೇ ಹನಿ! ಇದು ಚಾಕೊಲೇಟೋ ಬೀಗರೋ, ಇಷ್ಟಕ್ಕೆಲ್ಲ ಮುನಿಸಿಕೊಳ್ಳೋಕೆ? ಏನು ತೋರಿಸ್ತಿದೀರಿ, ಎಣ್ಣೆ? ಒಂದು ಚಮಚ? ಹಾಕಿದೆ. ಕಲಕ್ತಾ ಇದೀನಿ… ಕಲಕ್ತಾ… ಹಾ, ಬಿಡ್ತಾ ಬಂತು. ನೋಡಿದಿರಾ, ನಾನು ಹೇಗೆ ಸರಿ ಮಾಡಿದೆ!

ಹೀಗೆ ಓರೆಗಣ್ಣಲ್ಲಿ ನೋಡಬೇಡಿ ಅತ್ತಿಗೆ. ಸರಿ, ನೀವು ಹೇಳಿದ್ದು, ನಾನು ಮಾಡಿದ್ದು. ಆಸ್ಪತ್ರೆ ಔಷಧಿ ಕೌಂಟರಿನಲ್ಲಿ ಇಪ್ಪತ್ತೆರಡು ವರ್ಷ ನಿಂತವರು, ಮನೆಗೆ ಬಂದರೂ ಅದೇ ಶಿಸ್ತು. ಅರಳು ಇಷ್ಟು ಗ್ರಾಂ, ಕಡಲೆಬೀಜ ಇಷ್ಟು ಗ್ರಾಂ, ಮೇಲೆ ಉದುರಿಸೋ ಸಕ್ಕರೆಪುಡಿ ಇಷ್ಟು ಗ್ರಾಂ, ಎಲ್ಲಾ ತಕ್ಕಡಿಯಲ್ಲಿ! ಒಂದು ಚೂರು ಬಾಯಿಗೆ ಹಾಕಿ ನೋಡೋದು ಅಂತ ಇಲ್ವೇ ಇಲ್ಲ. ಕೇಳಿದ್ರೆ, "ಔಷಧಿ ಅಳೆಯೋವಾಗ ಯಾರಾದ್ರೂ ರುಚಿ ನೋಡ್ತಾರಾ?" ಅಲ್ಲಾ, ಇದು ಔಷಧಿಯಾ? ಲೋಕದಲ್ಲಿ ಅಡುಗೆ ಮಾಡೋರೆಲ್ಲ ಬೆರಳು ನೆಕ್ತಾರೆ, ನೀವೊಬ್ರು ಬಿಟ್ಟು. ಅಲ್ಲಿ ಪ್ರತಿ ಬಾಟಲಿಯ ಚೀಟಿ ಮೂರು ಸಲ ಓದ್ತಿದ್ರಿ, ಇಲ್ಲಿ ಮಾತ್ರ ಡಬ್ಬಗಳಿಗೆ ಚೀಟಿನೇ ಇರಲಿಲ್ಲ. ಮೇಲಿನ ಹಲಗೆ, ಎಡಗಡೆದು ಸಕ್ಕರೆಪುಡಿ, ಅದರ ಪಕ್ಕ ಉಪ್ಪು. ಕಣ್ಣು ಮುಚ್ಚಿ ಕೈ ಹಾಕ್ತಿದ್ರಿ.

ಈಗ ನೋಡಿ! ಹಲಗೆ ತುಂಬ ಚೀಟಿ! "ಸಕ್ಕರೆ." "ಉಪ್ಪು." "ಎಚ್ಚರ: ಉಪ್ಪು." ಕೆಂಪು ಶಾಯಿ, ಕೆಳಗೆ ಗೀಟು ಬೇರೆ! ನಮ್ಮಣ್ಣನ ಕೆಲಸ. ಸರ್ವೇಯರ್ ಅಲ್ವಾ, ಊರಿನ ಜಾಗಕ್ಕೆಲ್ಲ ಕಲ್ಲು ನೆಟ್ಟು ನೆಟ್ಟು, ಈಗ ಹೆಂಡತಿಯ ಅಡುಗೆಮನೆಗೂ ಕಲ್ಲು ನೆಟ್ಟ. ನಿಮ್ಮ ಮಗಳು ಗ್ಯಾಸಿನ ಹತ್ರ "ಅಮ್ಮಾ, ಆರಿಸಿದೆಯಾ?" ಅಂತ ಬರೆದಿದಾಳೆ. ಛತ್ರಿ ಮರೆತರೆ ಮನೆಯೆಲ್ಲ ಮುಖ ಮುಖ ನೋಡಿಕೊಳ್ಳುತ್ತೆ. ಛತ್ರಿ ಯಾರು ಮರೆಯಲ್ಲ? ಅಣ್ಣ ಮದುವೆ ದಿನ ನಿಮ್ಮ ಹೆಸರನ್ನೇ ಮರೆತಿದ್ದ, ಹಿಂದಿನಿಂದ ನಾನು ಹೇಳಿಕೊಟ್ಟೆ! …ಸರಿ ಸರಿ, ಅದು ನಾನು ಕಟ್ಟಿದ್ದು. ಆದ್ರೆ ಅವನ ಮುಖ ಹಾಗೇ ಇತ್ತು. ಡಾಕ್ಟರು ಎರಡೆರಡು ಸಲ ನೋಡಿ ಏನೂ ಇಲ್ಲ ಅಂದ್ರು. ಏನೂ ಇಲ್ಲ ಅಂದದ್ದಕ್ಕೇ ಇವರಿಗೆ ಅನುಮಾನ ಹೆಚ್ಚಾಯ್ತು! ಎಂಥಾ ಬುದ್ಧಿವಂತರು!

ಮಿಠಾಯಿ ಆರ್ತಿದೆ. ಅರಳು ಈಗ ಹಾಕ್ಲಾ? ಹೂಂ. ಕೆಳಗಿಂದ ಮೇಲಕ್ಕೆ, ಮೆಲ್ಲಗೆ, ಗೊತ್ತು.

ಅತ್ತಿಗೆ… ಆ ಲಕೋಟೆನ ಮಡಿಲಿಂದ ಒಂದು ಕ್ಷಣ ಕೆಳಗಿಡಿ. ನೋಡೋಕೂ ಆಗ್ತಿಲ್ಲ. ನಾಳೆ ಬೆಳಿಗ್ಗೆ ಕೊಟ್ಟೇ ಬಿಡ್ತೀರಾ? ರಾಜೀನಾಮೆಯಂತೆ! ಯಾವ ಸುಖಕ್ಕೆ? "ಸಕ್ಕರೆಗೂ ಉಪ್ಪಿಗೂ ವ್ಯತ್ಯಾಸ ತಿಳಿಯದ ಕೈಯಲ್ಲಿ ಮಕ್ಕಳ ಔಷಧಿ ಹೇಗೆ ಕೊಡಲಿ" ಅಂತ ಬರೆದಿದೀರಂತೆ. ಅಣ್ಣ ಓದಿ ಹೇಳಿದ. ಹೇಳ್ತಾ ಹೇಳ್ತಾ ಕಣ್ಣೊರೆಸಿಕೊಂಡ. ಅಳೋಕೆ ಬರುತ್ತೆ, ಬೇಡ ಅನ್ನೋಕೆ ಬರಲ್ಲ. ಈಗ ನೀವು ಕೌಂಟರಿನಲ್ಲಿ ಒಂದೊಂದು ಚೀಟಿ ಆರಾರು ಸಲ ಓದ್ತೀರಂತೆ, ಸಾಲು ಗೇಟಿನ ತನಕ ಹೋಗುತ್ತಂತೆ, ಜನ ಕೂಗಾಡ್ತಾರಂತೆ. ಕೂಗ್ಲಿ! ಇಪ್ಪತ್ತೆರಡು ವರ್ಷದಲ್ಲಿ ಒಂದು ಮಾತ್ರೆ ಹೆಚ್ಚು ಕಮ್ಮಿ ಆಗಿದೆಯಾ? ಒಂದು? ಹೇಳಿ! ಇಲ್ಲ ತಾನೇ? ಮತ್ತೆ? ಹೋದ ವರ್ಷದ ಕೂಟದಲ್ಲಿ ಒಂದು ತಟ್ಟೆ ಉಂಡೆ ಉಪ್ಪಾದ್ದಕ್ಕೆ ಈ ರಂಪನಾ?

ಹೌದು, ಉಪ್ಪಾಗಿತ್ತು, ಕಕ್ಕೋ ಅಷ್ಟು ಉಪ್ಪಾಗಿತ್ತು, ಯಾರು ಇಲ್ಲ ಅಂದ್ರು? ಇಡೀ ಸಭಾಂಗಣ ಥೂ ಥೂ ಅಂತು. ಬೆಕ್ಕಿನ ಮಾಸ್ತರು ಉಗುಳೋಕೆ ಜಾಗ ಸಿಗದೆ ತಮ್ಮ ಟೋಪಿಗೇ ಉಗುಳಿ, ಆಮೇಲೆ ಮರೆತು ಅದನ್ನೇ ತಲೆಗಿಟ್ರಲ್ಲ… ಹ್ಹ ಹ್ಹ! ನೀವು ನಗ್ತಿಲ್ಲ. ಸರಿ. ಅವತ್ತೂ ನಗಲಿಲ್ಲ ನೀವು. ಖಾಲಿ ತಟ್ಟೆ ಹಿಡ್ಕೊಂಡು ಗೋಡೆ ಪಕ್ಕ ನಿಂತಿದ್ರಿ. ಎಲ್ಲಾ ನೋಡ್ತಾ ನಿಂತಾಗ, ಜನಕ್ಕೆ ನೀರು ತರ್ತೀನಿ ಅಂತ ಮನೆಗೆ ಓಡಿದವನು ಯಾರು? ನಾನು! ಅದನ್ನ ಯಾರೂ ನೆನೆಸಲ್ಲ.

ಆಮೇಲೆ ಮನೆಯಲ್ಲಿ ನಡೆದ ವಿಚಾರಣೆ ನೋಡಬೇಕಿತ್ತು! ಅಣ್ಣ ಕುರ್ಚಿ ಹತ್ತಿ ಡಬ್ಬ ಎರಡೂ ಇಳಿಸಿದ. ಎಡಗಡೆದು ನೆಕ್ಕಿದ, ಸಕ್ಕರೆ. ಪಕ್ಕದ್ದು ನೆಕ್ಕಿದ, ಉಪ್ಪು. "ಡಬ್ಬ ಎರಡೂ ಸರಿಯಾಗಿವೆ. ಕೈನೇ ತಪ್ಪಿದೆ" ಅಂತ ತೀರ್ಪು ಕೊಟ್ಟೇಬಿಟ್ಟ. ಭೂಮಿ ಅಳೆಯೋ ಮನುಷ್ಯ, ನಾಲಿಗೆಯಲ್ಲೇ ಅಳೆದ! ಆ ಡಬ್ಬದ ಉಪ್ಪು ಹರಳು ಹರಳು, ಹಲ್ಲಿಗೆ ಕರಕರ ಅನ್ನುತ್ತೆ. ಉಂಡೆ ಮೇಲಿದ್ದದ್ದು ಹೇಗಿತ್ತು? ಮುಖಕ್ಕೆ ಹಚ್ಚೋ ಪೌಡರಿನಷ್ಟು ನುಣುಪು! ಮಿಕ್ಸಿಯಲ್ಲಿ ಎರಡು ಸಲ ತಿರುಗಿಸದೆ ಉಪ್ಪು ಅಷ್ಟು ನುಣ್ಣಗಾಗುತ್ತಾ? ಒಬ್ಬರಿಗಾದ್ರೂ ಇದು ಹೊಳೀತಾ? ಗೂಬೆಗಳು! ನಿಮ್ಮ ಕೈ ಹೋದದ್ದು ಎಡಗಡೆ ಡಬ್ಬಕ್ಕೇ, ಎಂದಿನ ಹಾಗೆ ಸರಿಯಾದ ಡಬ್ಬಕ್ಕೇ ಹೋಗಿದ್ದು, ತಪ್ಪಿದ್ದು…

…

ಏನು?

ಏನಿಲ್ಲ. ಮಾತಿಗೆ ಅಂದೆ. ಸುಮ್ನೆ ಒಂದು ಊಹೆ. ಮಿಕ್ಸಿ ಅಂದದ್ದಾ? ಅದು… ನಮ್ಮ ವರ್ಕ್‌ಶಾಪಿನಲ್ಲಿ ಒಬ್ಬ ಹೇಳಿದ, ಅವನ ಹೆಂಡತಿ ಹಾಗೆ ಪುಡಿ ಮಾಡ್ತಾಳಂತೆ, ಉಪ್ಪು. ಹಲ್ಲುಜ್ಜೋಕೆ. ಅಲ್ಲ, ಕಾಲು ನೋವಿಗೆ. ನಿಮ್ಮ ಕೈ ಯಾವ ಡಬ್ಬಕ್ಕೆ ಹೋಯ್ತು ಅಂತ ನನಗೆ ಹೇಗೆ ಗೊತ್ತಾಗುತ್ತೆ? ನಾನು ಅವತ್ತು ಬೆಳಿಗ್ಗೆ ಊರಲ್ಲೇ ಇರಲಿಲ್ಲ. ಇದ್ದೆ, ಆದ್ರೆ ಲಿಫ್ಟ್ ಒಳಗಿದ್ದೆ. ಯಾವ ಲಿಫ್ಟಾ? ಅದೇ… ಏಳು ಜನದ್ದು.

ಉಂಡೆ ಕಟ್ಟಬೇಕು, ಗಟ್ಟಿಯಾಗಿಬಿಡುತ್ತೆ. ಬನ್ನಿ, ನೀವೊಂದೆರಡು ಕಟ್ಟಿ. ಅತ್ತಿಗೆ?

ಹಾಗೆ ನೋಡಬೇಡಿ. ಏನಾದ್ರೂ ಅನ್ನಿ. ಬೈಯಿರಿ. ಸೌಟಿನಲ್ಲಿ ಹೊಡೀರಿ, ಇಗೋ, ಒರೆಸೇ ಕೊಡ್ತೀನಿ, ಒದ್ದೆ ಇಲ್ಲ.

ತಮಾಷೆಗೆ ಅತ್ತಿಗೆ. ಬರೀ ತಮಾಷೆಗೆ. ಅದರ ಹಿಂದಿನ ವರ್ಷ ನಿಮ್ಮ ಜೊತೆ ಕೂತು ನಾನು ಕಟ್ಟಿದ ಉಂಡೆನ ಎಲ್ಲರೆದುರು "ಸುಣ್ಣ ಬಳಿದ ಗೋಲಿ" ಅಂದಿದ್ರಿ. ಎಲ್ಲಾ ಹೊಟ್ಟೆ ಹಿಡ್ಕೊಂಡು ನಕ್ಕಿದ್ರು. ಊರನ್ನ ನಗಿಸೋನು ನಾನು, ನನ್ನನ್ನ ನೋಡಿ ನಕ್ರು. ಒಂದು ಸಲ ನಿಮಗೂ ಆಗಲಿ ಅನ್ನಿಸ್ತು, ಅಷ್ಟೇ. ಉಪ್ಪು ಪುಡಿ ಮಾಡಿದೆ, ಎಡಗಡೆ ಡಬ್ಬಕ್ಕೆ ತುಂಬಿದೆ. ನೀವು ರುಚಿ ನೋಡಲ್ಲ ಅಂತ ಗೊತ್ತಿತ್ತು. ನೀರಿಗೆ ಅಂತ ಓಡಿಬಂದೆನಲ್ಲ, ಆವಾಗ ಉಳಿದ ಉಪ್ಪನ್ನ ಸಿಂಕಿಗೆ ಸುರಿದು, ಡಬ್ಬ ಒರೆಸಿ, ಸಕ್ಕರೆನ ವಾಪಸ್ ಹಾಕಿಟ್ಟೆ. ರಾತ್ರಿ ಊಟಕ್ಕೆ ಕೂತಾಗ ಹೇಳಿ ಎಲ್ಲರನ್ನೂ ನಗಿಸೋಣ ಅಂತಿದ್ದೆ. ಊಟಕ್ಕೆ ನೀವು ಬರಲೇ ಇಲ್ಲ. ರೂಮಿನ ಬಾಗಿಲು ಹಾಕ್ಕೊಂಡಿದ್ರಿ. ಬೆಳಿಗ್ಗೆ ಹೇಳೋಣ ಅಂದ್ಕೊಂಡೆ, ಬೆಳಿಗ್ಗೆ ಅಣ್ಣ ಚೀಟಿ ಬರೀತಾ ಕೂತಿದ್ದ. ಆ ವಾರ ಹೇಳೋಣ ಅಂದ್ರೆ ಡಾಕ್ಟರ ಹತ್ರ ಹೊರಟಿದ್ರಿ. ದಿನ ಹೋದ ಹಾಗೆ ಹೇಳೋ ಮಾತು ಬೆಳೀತಾ ಹೋಯ್ತು, ನನ್ನ ಬಾಯಿ ಸಣ್ಣದಾಗ್ತಾ ಹೋಯ್ತು.

ಒಂದು ವರ್ಷ. ಲೆಕ್ಕ ನನಗೂ ಗೊತ್ತು.

ನಿಮ್ಮ ತಲೆ ಸರಿಯಾಗಿದೆ ಅತ್ತಿಗೆ. ಕೈ ಸರಿಯಾಗಿದೆ. ಲಿಫ್ಟಿನಲ್ಲಿ ನಾಲ್ಕು ಜನ ಅಂದಿದ್ನಲ್ಲ, ನಾನೇ ಮರೆತಿದ್ದೆ, ನಿಮಗೆ ನೆನಪಿತ್ತು. ಹರೀರಿ ಆ ಕಾಗದನ. ಇಲ್ಲಿ ಕೊಡಿ, ನಾನೇ ಹರೀತೀನಿ. ಯಾಕೆ ಹಿಂದಕ್ಕೆ ಎಳ್ಕೊಂಡ್ರಿ? ನಾನು ಹೇಳಿದೆನಲ್ಲ! ಎಲ್ಲಾ ಹೇಳಿದೆನಲ್ಲ! …ನಿಮ್ಮೊಬ್ಬರಿಗೆ ಹೇಳಿದ್ರೆ ಸಾಲದಾ?

ಎಲ್ಲಿಗೆ ಹೊರಟಿರಿ? ಬಾಗಿಲು ತೆಗೀಬೇಡಿ. ಅತ್ತಿಗೆ, ದಮ್ಮಯ್ಯ, ಈಗ ಬೇಡ, ಮಾಸ್ತರು ಇದಾರೆ, ನಿಮ್ಮ ಮಗಳ ಮುಂದೆ ನಾನು ಹೇಗೆ… ನೀವೇ ಹೇಳಿಬಿಡಿ, ನಾನು ಹೂಂ ಅಂತೀನಿ. ಹೇಳಲ್ವಾ? ಒಂದು ಮಾತೂ ಆಡಲ್ವಾ?

ಸರಿ. ತೆಗೀರಿ.

ಏನಿಲ್ಲ ಅಣ್ಣ, ಉಂಡೆ ಇನ್ನೂ ಆಗಿಲ್ಲ. ರಿಬ್ಬನ್ ಕೆಳಗಿಡು. ಮಗಳೇ, ನೀನೂ ಬಾ, ನಿಮ್ಮಮ್ಮನ ಪಕ್ಕ ನಿಂತ್ಕೋ. ಮಾಸ್ತರೇ, ನೀವೂ ಕೇಳಿ. ಹೋದ ವರ್ಷದ ಉಪ್ಪಿನ ವಿಷಯ ಒಂದು ಹೇಳಬೇಕಿತ್ತು… ಇಲ್ಲ, ಇದು ತಮಾಷೆ ಅಲ್ಲ. ನನ್ನಾಣೆ. ಅಣ್ಣಾ, ನಾನಿನ್ನೂ ಬಾಯೇ ಬಿಟ್ಟಿಲ್ಲ, ಆಗಲೇ ಯಾಕೆ ನಗ್ತೀಯ?