ಮೂರನೇ ಜ್ವರ

"ಹಲೋ... ಯಾರು ಮಾತಾಡ್ತಿರೋದು?... ಹಾಂ? ಒಸಿ ಜೋರಾಗಿ ಯೋಳಿ, ಇಲ್ಲಿ ಜೇಸಿಬಿ ಸದ್ದು."

ರಾಧಾಮಣಿ ಇನ್ನೊಂದು ಕಿವಿಗೆ ಬೆರಳು ತುರುಕಿಕೊಂಡು ಹುಳುಮನೆಯ ಹಿಂದಕ್ಕೆ ಸರಿದಳು. ತಿಪ್ಪಸಂದ್ರದ ಅವಳ ಹಿಪ್ಪುನೇರಳೆ ತೋಟದ ಬೇಲಿಯಾಚೆ ಹೊಸ ಕಾರ್ಖಾನೆಗೆ ಪಾಯ ತೋಡುತ್ತಿದ್ದರು. ಆ ಧೂಳು ಸೊಪ್ಪಿನ ಮೇಲೆ ಕೂತು ಬೆಳೆ ಮೇಲೆ ಬೆಳೆ ಕೆಟ್ಟಮೇಲೆಯೇ ಅವಳ ಗಂಡ ಬಾಲರಾಜು, ಉಗಾಂಡದಲ್ಲಿ ರೇಷ್ಮೆಹುಳು ಸಾಕುವುದನ್ನು ಕಲಿಸಿಕೊಡಲು ಒಂದು ಕಂಪನಿಯವರ ಜೊತೆ ವಿಮಾನ ಹತ್ತಿದ್ದು.

...

"ಓ, ರಾಮನಗರದ ನಜೀರಣ್ಣ ಅಲ್ವಾ? ಗೂಡು ಬೇಯಿಸಿ ನೂಲು ತೆಗೆಯೋಕೆ ಅಂತ ಇವ್ರ ಜೊತೇಲೇ ಹೋದೋರು... ಗೊತ್ತಾಯ್ತು, ಗೊತ್ತಾಯ್ತು. ಇವ್ರೆಲ್ಲಣ್ಣ? ಹೋದ ವಾರದಿಂದ ಫೋನಿಲ್ಲ, ಸುದ್ದಿಯಿಲ್ಲ."

...

"ಮೂರನೇ ಜ್ವರ ಆಯ್ತಾ? ಅಯ್ಯೋ, ಒಳ್ಳೇ ಸುದ್ದಿ ಯೋಳಿದ್ರಿ ಕಣಣ್ಣ! ಅಲ್ಲೀ ಸೊಪ್ಪು ಒಗ್ಗುತ್ತೋ ಇಲ್ವೋ ಅಂತ ನಂಗೆ ನಿದ್ದೇನೇ ಇರ್ಲಿಲ್ಲ."

ಹುಳು ಮೇವು ಬಿಟ್ಟು, ತಲೆಯೆತ್ತಿ, ಪೊರೆ ಕಳಚಲು ಕೂರುವುದನ್ನು ಆ ಸೀಮೆಯ ರೇಷ್ಮೆಯವರು ಜ್ವರ ಎನ್ನುತ್ತಾರೆ. ನಾಲ್ಕು ಜ್ವರ ಎದ್ದ ಹುಳು ಹಣ್ಣಾಗಿ ಗೂಡು ಕಟ್ಟುತ್ತದೆ.

"ಇನ್ನೊಂದು ಜ್ವರ ಎದ್ಬುಟ್ರೆ ಗೂಡು ಕಣ್ಣಿಗೆ ಕಂಡಂಗೇ ಬುಡಿ. ಚೆನ್ನಾಗಿ ತಿಂತಾವಾ?"

...

"ಏನೂ ತಿಂತಿಲ್ವಾ? ಗಂಜಿ ಕುಡಿಸಿದ್ರೂ ವಾಂತಿನಾ?... ಅಲ್ಲ, ಹುಳಕ್ಕೆ ಗಂಜಿ ಯಾಕಣ್ಣ ಕೊಟ್ರಿ?"

...

ಅತ್ತಿತ್ತ ನಡೆದಾಡುತ್ತಿದ್ದವಳ ಕಾಲು ಗಕ್ಕನೆ ನಿಂತವು.

"ಯಾರ್ಗೆ?... ಇವ್ರಿಗಾ? ನಡುಗಿ ನಡುಗಿ, ಬೆವೆತು, ಇಳ್ದೋಯ್ತದಾ? ಒಂದಿನ ಬುಟ್ಟು ಮತ್ತೆ ಬತ್ತದಾ?... ಕೊಡಿ ಫೋನು. ಮಲಗಿದ್ರೆ ಎಬ್ಬಿಸಿ."

...

"ಏನ್ರೀ, ದನಿ ಯಾಕಿಂಗೈತೆ?... ಉಷ್ಣನಾ? ಉಷ್ಣಕ್ಕೆ ಯಾರಾದ್ರೂ ನಡುಗ್ತಾರಾ? ಹೊರಡೋಕ್ಮುಂಚೆ ಸೂಜಿ ಹಾಕಿದ ಡಾಕ್ಟ್ರು ಏನಂದಿದ್ರು? ನೀವು ತೂಕಡಿಸ್ತಿದ್ರಿ, ನಾನು ಕೇಳಿಸ್ಕೊಂಡಿವ್ನಿ. ಸೊಳ್ಳೆ ಕೈಲಿ ಕಚ್ಚಿಸ್ಕೋಬೇಡಿ, ವಾರದ ಮಾತ್ರೆ ತಪ್ಪಿಸ್ಬೇಡಿ, ಜ್ವರ ಕಂಡ ದಿನಾನೇ ರಕ್ತ ತೋರ್ಸಿ ಅಂದ್ರೋ ಇಲ್ವೋ?"

...

"ಹೊಟ್ಟೆ ತೊಳೆಸ್ತದೆ ಅಂತ ಮಾತ್ರೆ ಬುಟ್ರಾ?... ಸೊಳ್ಳೆಬತ್ತಿ?... ಹುಳಕ್ಕಾಗಲ್ಲ. ಹಾಂ. ಕೈಕಾಲಿಗೆ ಹಚ್ಕೊಳ್ಳೋ ಮುಲಾಮು?... ಅದೂ ಹುಳಕ್ಕಾಗಲ್ಲ."

ಈ ಮಾತಿಗೆ ಅವಳು ಎದುರಾಡಲಾರಳು. ಆ ಹೊಗೆ ಸೋಕಿದರೆ ತಟ್ಟೆಗೆ ತಟ್ಟೆಯೇ ಸಾಯುತ್ತದೆಂದು ಅವಳ ಮನೆಯಲ್ಲೂ ಬತ್ತಿ ಹಚ್ಚಿದವರಿಲ್ಲ. ಮದುವೆಯಾದ ಹೊಸದರಲ್ಲಿ ಪೌಡರು ಬಳಿದುಕೊಂಡು ಹುಳುಮನೆಗೆ ಹೋದವಳನ್ನು ಇದೇ ಬಾಲರಾಜು ಬಾಗಿಲಿಂದಲೇ ಮುಖ ತೊಳೆಯಲು ಅಟ್ಟಿದ್ದ.

...

"ಸರಿ, ಪರದೆ? ಕಂಪನಿಯೋರು ಬಿಳೀ ಸೊಳ್ಳೆಪರದೆ ಕೊಟ್ಟಿದ್ರಲ್ಲ, ಅದನ್ನಾದ್ರೂ ಕಟ್ಕೊಂಡ್ರಾ?... ಎಲ್ಲಿಗೆ ಕಟ್ಟಿದ್ರಿ?... ಹುಳುಮನೆ ಕಿಟಕೀಗಾ! ಊಜಿ ನೊಣ ಬಂದು ಹುಳದ ಮೇಲೆ ಮೊಟ್ಟೆ ಇಟ್ಟುಬುಡ್ತದೆ ಅಂತಾ?... ಅಲ್ಲಿ ಊಜಿ ನೊಣ ಐತೇನ್ರೀ?... ಇನ್ನೂ ಕಂಡಿಲ್ವಾ? ಭೇಷ್. ಕಾಣದ ನೊಣಕ್ಕೆ ಪರದೆ, ಕಚ್ಚೋ ಸೊಳ್ಳೆಗೆ ನೀವು!"

...

"ನಗ್ಬೇಡಿ. ನಗೋ ತ್ರಾಣ ಇದ್ರೆ ಎದ್ದು ಆಸ್ಪತ್ರೆಗೆ ಹೊರಡಿ. ದೂರನಾ?... ಇದ್ರೆ ಇರ್ಲಿ, ಕಂಪನಿ ಗಾಡಿ ಇಲ್ವಾ?... ನಾಡಿದ್ದು ಯಾಕೆ?... ನಾಲ್ಕನೇ ಜ್ವರಕ್ಕೆ ಕೂತ್ರೆ ಮೇವು ಹಾಕೋ ಕೆಲ್ಸ ಇರಲ್ಲ, ಆಗ ಹೋಗ್ತೀರಾ? ಯಾರ ನಾಲ್ಕನೇ ಜ್ವರ? ಅವುದ್ದಾ, ನಿಮ್ದಾ?"

...

"ಯಾಕೆ ಸುಮ್ನಾದ್ರಿ?... ಅದೇನದು ಸದ್ದು? ಹುಳ ಮೇಯ್ತಾವಾ? ಫೋನು ತಟ್ಟೆ ಹತ್ರ ಹಿಡ್ದಿದ್ದೀರಾ?... ಅಲ್ವಾ?... ಮತ್ತೆ?"

ಅವಳು ಉಸಿರು ಬಿಗಿಹಿಡಿದು ಆಲಿಸಿದಳು. ಹುಳು ಮೇಯುವ ಸದ್ದಿಗೆ ಬಿಡುವಿರುವುದಿಲ್ಲ. ಇದು ಕಟಕಟ ಎಂದು ನಿಲ್ಲುತ್ತಿತ್ತು, ಮತ್ತೆ ಕಟಕಟ ಎನ್ನುತ್ತಿತ್ತು. ಬಾಲರಾಜುವಿನ ಹಲ್ಲು.

"ನಜೀರಣ್ಣಾ! ಫೋನು ಈಸ್ಕೊಳ್ಳಿ ಅವ್ರ ಕೈಯಿಂದ. ಬಂದ್ಬುಡ್ತು, ನಾಲ್ಕನೇದು ಬಂದ್ಬುಡ್ತು... ಬ್ಯಾಡ ಅಂದ್ರೆ ಕೇಳ್ಬ್ಯಾಡಿ. ಕಂಬಳಿ ಹೊದ್ಸಿ ಗಾಡಿಗೆ ಹತ್ಸಿ, ಡ್ರೈವರ್ ಕರ್ಕೊಂಡೋಗ್ಲಿ. ಕಿಟಕೀಲಿರೋ ಆ ಪರದೇನೂ ಕಿತ್ತು ಜೊತೇಲಿ ಕೊಡಿ."

...

"ಮೇವಾ? ನೀವು ಹಾಕಿ. ಇಷ್ಟು ವರ್ಷ ಬೇಯಿಸಿದ್ರಿ, ಇವತ್ತೊಂದಿನ ಮೇಯಿಸಿ!... ಎಳೇ ಸೊಪ್ಪು ಬ್ಯಾಡ, ಒದ್ದೆ ಸೊಪ್ಪು ಬ್ಯಾಡ, ಅಷ್ಟೇಯ. ಹತ್ತಿದ್ರಾ?... ಗಾಡಿ ಸ್ಟಾರ್ಟ್ ಆಯ್ತಾ? ನಂಗಿಲ್ಲಿ ಏನೂ ಕೇಳಿಸ್ತಿಲ್ಲ... ಏಯ್ ತಮ್ಮಾ! ಜೇಸಿಬಿ ತಮ್ಮಾ! ಒಸಿ ನಿಲ್ಸಪ್ಪ ಅದ್ನ, ನಿಂಗೆ ಕೈ ಮುಗೀತೀನಿ!"

ಬೇಲಿಯಾಚೆ ಗುಡುಗು ನಿಂತಿತು. ಫೋನಿನೊಳಗೆ ಎಲ್ಲೋ ಒಂದು ಬಾಗಿಲು ಧಡ್ಡೆಂದು ಮುಚ್ಚಿಕೊಂಡಿತು.

"ಯಾರಣ್ಣ ಹತ್ತಿದ್ದು? ಡ್ರೈವರ್ ಒಬ್ನೇನಾ? ಇವ್ರು ಇಳ್ದುಗಿಳ್ದು ಬಂದ್ರೋ ಹೆಂಗೆ?... ಏನಂದ್ರು?... 'ಹುಳ ನೋಡ್ಕೋ ನಜೀರಾ' ಅಂದ್ರಾ?"

ಅವಳು ಹುಳುಮನೆಯ ಗೋಡೆಗೆ ಒರಗಿದಳು. ಇಷ್ಟು ವರ್ಷದಲ್ಲಿ ಆ ಮಾತನ್ನು ಬಾಲರಾಜು ಅವಳಿಗೂ ಹೇಳಿದವನಲ್ಲ.

"ಹಂಗಾರೆ ಹೊರಟ್ರು... ಹೊರಟ್ರು ಬುಡಿ. ಅಣ್ಣ, ರಕ್ತದಲ್ಲಿ ಏನೈತೆ ಅಂತ ಗೊತ್ತಾದ ತಕ್ಷಣ... ಹಾಂ?... ಅಣ್ಣ, ಇನ್ನೂ ಏನೋ ಅಂದ್ರಲ್ಲ ಹಿಂದ್ಗಡೆ, ನಂಗಾ?... ಏನಂದ್ರು? ಹಲೋ... ಹಲೋ..."