ದಾರ ಪೋಣಿಸಿ ನೋಡಿದ ಕಣ್ಣು

“ಒಂದು ಇಂಜೆಕ್ಷನ್ ಅಂದ್ರೆ ಮೂವತ್ತು ಅಂಗಿ ಹೊಲಿದ ಕೂಲಿ ಕಣೇ. ತಿಂಗಳಿಗೊಂದು ಹಾಕಿಸ್ಕೊಂಡ್ರೆ ಹೊಟ್ಟೆಗೇನು ತಿನ್ನೋಣ?”

ಕಣ್ಣಾಸ್ಪತ್ರೆಯ ಬೆಂಚಿನಲ್ಲಿ ಸರದಿ ಕಾಯುತ್ತಿದ್ದ ಬಡಗಿ ಕಿವಿಗೊಟ್ಟ. ಪಕ್ಕದಲ್ಲಿ ದರ್ಜಿಯೊಬ್ಬ ಹೆಂಡತಿಗೆ ಸಮಜಾಯಿಷಿ ಕೊಡುತ್ತಿದ್ದ.

“ಅದಕ್ಕೇ ಎರಡು ತಿಂಗಳು ಇತ್ತ ತಲೆ ಹಾಕ್ಲಿಲ್ವಾ?”

“ಚೆನ್ನಾಗೇ ಕಾಣ್ತಿತ್ತಲ್ಲ! ದಿನಾ ಬೆಳಿಗ್ಗೆ ಸೂಜಿಗೆ ದಾರ ಪೋಣಿಸಿ ನೋಡ್ತಿದ್ದೆ. ಒಂದು ಸಲವೂ ಗುರಿ ತಪ್ಪಲಿಲ್ಲ.”

“ಪೋಣಿಸೋವಾಗ ಒಂದು ಕಣ್ಣು ಮುಚ್ಕೋತೀರಲ್ರೀ.”

“ಕೈಗೆ ಸೂಜಿ ಬಂದಾಗಿನಿಂದ ಅದೇ ಅಭ್ಯಾಸ. ಅದಕ್ಕೇನೀಗ?”

“ಯಾವ ಕಣ್ಣು ಮುಚ್ಕೋತೀರಿ?”

“ಎಡಗಣ್ಣು.”

“ಒಳಗಿನ ಪರದೆ ಊದಿದೆ ಅಂತ ಡಾಕ್ಟರು ಅಂದಿದ್ದು ಯಾವ ಕಣ್ಣಲ್ಲಿ?”

ದರ್ಜಿಯ ಕೈ ತಾನಾಗಿ ಎಡಗಣ್ಣಿಗೆ ಹೋಯಿತು. ಹಲಗೆಯ ಅಂಚು ನೋಡುವಾಗ ತಾನೂ ಒಂದು ಕಣ್ಣು ಮುಚ್ಚುವುದು ಬಡಗಿಗೆ ನೆನಪಾಯಿತು; ಕಣ್ಣುಗಳನ್ನು ಒಂದೊಂದಾಗಿ ಮುಚ್ಚಿ ಎದುರಿನ ಗೋಡೆ ನೋಡಿದ.

“ಈಗ ಬಲಗಣ್ಣು ಮುಚ್ಚಿ, ನನ್ನ ಮುಖ ನೋಡಿ. ಏನು ಕಾಣುತ್ತೆ?”

“ಕೂದಲು ಕಾಣುತ್ತೆ. ಕಿವಿ ಕಾಣುತ್ತೆ.”

“ಮೂಗು? ಅದನ್ನೇ ತಾನೆ ಇಷ್ಟು ವರ್ಷ ಆಡ್ಕೊಂಡು ನಗ್ತಿದ್ದಿದ್ದು?”

“ಮಧ್ಯದಲ್ಲಿ ಏನೂ ಇಲ್ಲ ಕಣೇ. ಮಸಿ ಬಳಿದ ಹಾಗಿದೆ.”

ಆಕೆಯ ದನಿ ತಗ್ಗಿತು. “ಡಾಕ್ಟರು ನಿಮ್ಮೊಬ್ಬರನ್ನೇ ಕೂರಿಸ್ಕೊಂಡು ಏನಂದ್ರು? ಮುಚ್ಚಿಡಬೇಡಿ.”

“ಇವತ್ತಿನ ಇಂಜೆಕ್ಷನ್ ಉಳಿದಿರೋದನ್ನ ಕಾಪಾಡೋಕಂತೆ.”

“ಹೋಗಿರೋದು?”

ಅಷ್ಟರಲ್ಲಿ ನರ್ಸ್ ಕರೆದಳು. ಹೆಂಡತಿ ಅವನ ಮೊಣಕೈ ಹಿಡಿದು ಎಬ್ಬಿಸಿದಳು.

“ಅದು ಬರಲ್ಲವಂತೆ,” ಎಂದು ದರ್ಜಿ ಒಳಗೆ ನಡೆದ.