ನಡುವಿನ ಹೆಸರು

…ಕೊಟ್ಟೂರೇಶ್ ಅಂತ ಪೂರ್ತಿ ಬರಿಯಲೇ ದಾನಿಶ್, ಕೊಟ್ರ ಅಂತ ಬ್ಯಾಡ. ತಂದೆ ಲಿಂಗಣ್ಣ, ಊರು ಮಾಯಕೊಂಡ. ಅದನ್ನೂ ಹಾಕು. ನಿಮ್ಮಪ್ಪನ, ನಮ್ಮ ಚಾಚಾನ ನೋಟ್‌ಬುಕ್ಕಿನಾಗೆ ನನ್ನ ಹೆಸರು ಬರ್ತೈತೆ ಅಂದ್ರೆ ಸಣ್ಣ ಮಾತಾ? ಯಾಕ ನಗ್ತೀಯ? ನಗು, ನಗು. ಚಾಚಾ ತೀರಿಹೋಗಿ ಹನ್ನೊಂದು ದಿನ ಆತು, ಇವತ್ತೇ ನೀನು ನಕ್ಕಿದ್ದು.

"ಅಬ್ಬಾ ಹೇಳಿದರು, ಕೊಟ್ಟೂರೇಶ್ ಕೇಳಿದ, ಕೊಟ್ಟೂರೇಶನಿಂದ ದಾನಿಶ್ ಕೇಳಿದ." ಹಿಂಗೇ ತಾನೇ? ಗೊತ್ತು ಬಿಡು. ಇದು ಹದೀಸಲ್ಲ, ಮನೆ ಮಾತು, ಅದೂ ಗೊತ್ತು. ಆದ್ರೆ ಮನೆ ಮಾತನ್ನೂ ಚಾಚಾ ಹಿಂಗೇ ಬರೀತಿದ್ರು. ನೀನು ಸೊಲ್ಲಾಪುರಕ್ಕೆ ಹೋದ ಮ್ಯಾಲೆ ಈ ಹರಿಹರದ ಪಂಚರ್ ಅಂಗಡಿ ಬಾಗಿಲಾಗೆ ಸಂಜೆ ಸಂಜೆ ಬಂದು ಕೂತೋನು ನಾನು. ನಿನಗಿಂತ ಜಾಸ್ತಿ ಕೇಳೀನಿ.

ಪೈಗಂಬರರು ಆಡಿದ ಮಾತು ಹದೀಸು, ಮಾಡಿದ ಕೆಲಸವೂ ಹದೀಸು. ಅವರ ಕಣ್ಣೆದುರು ಯಾರೋ ಏನೋ ಮಾಡಿದಾಗ ಬ್ಯಾಡ ಅನ್ನದೆ ಸುಮ್ಮನಿದ್ರಲ್ಲ, ಆ ಸುಮ್ಮನಿದ್ದದ್ದೂ ಹದೀಸಂತೆ. ನನಗೆ ಅದೇ ಆಶ್ಚರ್ಯ. ಆಮೇಲೆ ಯಾರು ಯಾರಿಂದ ಕೇಳಿದ್ರು ಅಂತ ಒಬ್ಬೊಬ್ಬರ ಹೆಸರೂ ಬೇಕು. ಅವನು ಸುಳ್ಳಾಡೋನಾ, ಮರೆಯೋನಾ, ನಿಜವಾಗ್ಲೂ ಅಲ್ಲಿದ್ನಾ… ಎಲ್ಲಾ ಜಾಲಾಡ್ತಿದ್ರಂತೆ. ಮಾತು ಎಷ್ಟು ಚಂದ ಇದ್ರೂ, ನಡುವಿನೋನು ಒಬ್ಬ ಸುಳ್ಳ ಅಂದ್ರೆ ಆ ಮಾತು ತಗೊಳ್ತಿರಲಿಲ್ಲಂತೆ. ಒಂದಿನ ಚಾಚಾ ಟ್ಯೂಬು ನೀರಿಗದ್ದಿ, "ಎಲ್ಲಾ ಗಟ್ಟಿ ಐತೆ, ಇಲ್ಲೊಂದು ಗುಳ್ಳೆ ಬಂತು ನೋಡಪಾ. ಇದ್ರ ಮ್ಯಾಲೆ ಗಾಡಿ ಬಿಡ್ತೀಯಾ?" ಅಂದ್ರು. ಮಾಯಕೊಂಡದೋನು ನಾನು, ಬರೀ ರಿಮ್ ಮ್ಯಾಲೂ ಬಿಡ್ತೀನಿ ಅಂದೆ. ಎಷ್ಟು ನಕ್ಕಿದ್ರು ಗೊತ್ತಾ…

ಇನ್ನೊಂದ್ಸಲ ಹೇಳಬೇಕಾ? ಹೇಳ್ತೀನಿ, ಅದಕ್ಕೇನು. ಅಂಗಡಿ ಬಿಟ್ಟು ಹೋದಿ ಅಂತ ಮೂರು ತಿಂಗಳು ನಿನ್ನ ಜತೆ ಮಾತು ಬಿಟ್ಟಿದ್ರಲ್ಲ, ಅದೇ ಚಾಚಾ ದಾವಣಗೆರೆ ಆಸ್ಪತ್ರೆನಾಗೆ ನನ್ನ ಬಲಗೈ… ಅಲ್ಲ, ಅವರ ಬಲಗೈಯಿಂದ ನನ್ನ ಕೈ ಹಿಡಕೊಂಡು, "ದಾನಿಶ್ ಮ್ಯಾಲೆ ನನಗೆ ಸಿಟ್ಟಿಲ್ಲ, ಅವನು ಚೆನ್ನಾಗಿರ್ಲಿ" ಅಂದ್ರು. ಅಷ್ಟು ಅಂದು ಕಣ್ಣು ಮುಚ್ಚಿದ್ರು.

ಏನು? ಮೊನ್ನೆ ಎಡಗೈ ಅಂದಿದ್ನಾ? ಬಲಗೈಗೆ ಸಲೈನ್ ಇತ್ತಾ… ಹಂಗಾದ್ರೆ ಎಡಗೈ. ಕೈ ಯಾವುದಾದ್ರೇನು, ಮಾತು ಮುಖ್ಯ.

ಯಾರ್ಯಾರಿದ್ರು ಅಂತ ಯಾಕ ಈಗ? ನಾನಿದ್ದೆ. ಆಯಾ ರಂಗವ್ವ ಒಳಗೆ ಹೊರಗೆ ಓಡಾಡ್ತಿದ್ಲು. ನೀನು ಫೋನಿನಾಗೆ, "ನಾನು ಬರೋವರೆಗೂ ಅಬ್ಬಾನ್ನ ಬಿಟ್ಟು ಏಳಬ್ಯಾಡ" ಅಂದೆ, ನಾನು "ಏಳಲ್ಲ" ಅಂದೆ. ಮಾತು ಅಂದ್ರೆ ಮಾತು.

ಇದನ್ನ ಅಮ್ಮೀಗೆ ಓದಿ ಹೇಳ್ತೀಯಾ? ಚಾಚಾನ ಹತ್ರ ಹದೀಸು ಪಾಠಕ್ಕೆ ಬರ್ತಿದ್ದ ಮಕ್ಕಳಿಗೂ? ಬ್ಯಾಡಲೇ… ನಿನಗೊಬ್ಬನಿಗೆ ಸಮಾಧಾನ ಆಗ್ಲಿ ಅಂತ ಹೇಳಿದ್ದು ನಾನು. ಅಂದ್ರೆ… ಚಾಚಾ ಹೇಳಿದ್ದು.

ಪೆನ್ನು ಯಾಕ ಕೆಳಗಿಟ್ಟೆ? ಮಾತಾಡೋ. ನೀನು ಹಿಂಗೆ ಸುಮ್ಮನೆ ಕೂತ್ರೆ ಒಪ್ಪಿಗೆ ಅಂತ ತಿಳ್ಕೊಳೋಕೆ ನನಗೆ ಧೈರ್ಯ ಸಾಲ್ದು. ಬೈದಾದ್ರೂ ಬಿಡು.

…ನೀನು ನನ್ನ ವಾಟ್ಸಾಪ್ ಸ್ಟೇಟಸ್ ನೋಡಿದ್ದೆ. ಅಲ್ವಾ? ಅವತ್ತೇ, ಬಸ್ಸಿನಾಗೆ ಬರ್ತಾ. ಕಪ್ ಎತ್ತಿಕೊಂಡು ನಾನು… ಶಾಮನೂರು ಕ್ರಿಕೆಟ್ ಟೂರ್ನಮೆಂಟು, ಮೂರೂ ಮೂವತ್ತೈದಕ್ಕೆ ಹಾಕಿದ್ದೆ. ಚಾಚಾ ಹೋಗಿದ್ದು ಮೂರೂವರೆಗೆ. ಹನ್ನೊಂದು ದಿನದಿಂದ ಗೊತ್ತಿದ್ರೂ ನನ್ನ ಬಾಯಿಂದಾನೇ ಬರ್ಲಿ ಅಂತ ಕಾದೆಯಾ?

ಮಲಗಿದ್ರು ಕಣೋ. ಡಾಕ್ಟರು ಏನೂ ಭಯ ಇಲ್ಲ ಅಂದಿದ್ರು. ಬರೀ ಎಂಟು ಓವರಿನ ಮ್ಯಾಚು, ನಾನಿಲ್ಲ ಅಂದ್ರೆ ಸೋಲ್ತಾರೆ ಅಂತ ಫೋನ್ ಮ್ಯಾಲೆ ಫೋನು. ಹೋಗಿ ಬರ್ತೀನಿ ಅಂದ್ಕೊಂಡೆ. ಕೊನೆ ಓವರಿನಾಗೆ ಮೂರು ಸಿಕ್ಸ್… ಬಿಡು.

ವಾಪಸ್ ಬಂದಾಗ ಮುಖಕ್ಕೆ ಬಟ್ಟೆ ಹಾಕಿದ್ರು. ಅವರ ಕೈ ನಾನು ಹಿಡೀಲಿಲ್ಲ, ಬಲಗೈನೂ ಇಲ್ಲ, ಎಡಗೈನೂ ಇಲ್ಲ. ನೀನು ಬಸ್ಸಿಳಿದು ಬಂದೋನೇ, "ಏನಾದ್ರೂ ಅಂದ್ರಾ?" ಅಂದೆ. ಏನೂ ಇಲ್ಲ ಅಂತ ಹೆಂಗೆ ಹೇಳ್ಲಿ? ಬಾಯಿಗೆ ಬಂದಿದ್ದು ಹೇಳಿದೆ.

ಆದ್ರೆ ಒಂದು ಐತೆ. ಇದು ನಿಜ ದಾನಿಶ್, ಇದೊಂದು ನಿಜ. ರಂಗವ್ವ ಹೊರಗೆ ಬೆಂಚಿನ ಮ್ಯಾಲೆ ಕೂತಿದ್ಲು, ಅವಳು ಹೇಳಿದ್ಲು. ಚಾಚಾ ಎಚ್ಚರ ಆಗಿ ಎರಡು ಸಲ ಕೇಳಿದ್ರಂತೆ, "ದಾನಿಶ್ ಬಂದ್ನಾ?" ಅಂತ. ದಾರಿನಾಗೆ ಅದಾನೆ ಅಂದ್ಲಂತೆ. "ಬಂದ್ರೆ ಮೊದಲು ಉಣ್ಣಕ್ಕೆ ಹೇಳವ್ವ, ಹಸ್ಕೊಂಡು ಬಂದಿರ್ತಾನೆ" ಅಂದ್ರಂತೆ. ಅಷ್ಟೇ. ಅವತ್ತೇ ಹೇಳಬೇಕಿತ್ತು… ಹೇಳಿದ್ರೆ, ಆಗ ನೀನೆಲ್ಲಿದ್ದೆ ಅಂತ ಕೇಳ್ತಿದ್ದೆ ನೀನು.

ಹುಡುಕಿದೆ ಕಣೋ ಅವಳನ್ನ. ಅವಳ ಬಾಯಿಂದಾನೇ ನಿನಗೆ ಹೇಳಿಸೋಣ ಅಂತ ಆಸ್ಪತ್ರೆಗೆ ಮೂರು ಸಲ ಹೋದೆ. ಕೆಲಸ ಬಿಟ್ಟು ಮಗಳ ಊರಿಗೆ ಹೋದ್ಲು ಅಂತಾರೆ, ಯಾವ ಊರೋ ಒಬ್ಬರಿಗೂ ಗೊತ್ತಿಲ್ಲ. ಫೋನೂ ಇಲ್ಲ ಅವಳ ಹತ್ರ.

ಪೆನ್ನು ತಗೋ. ಮೇಲಿಂದು ಹೊಡೆದಾಕು, ಇದನ್ನ ಬರಿ. ನನ್ನ ಹೆಸರು ಬ್ಯಾಡ, ಮಾಯಕೊಂಡನೂ ಬ್ಯಾಡ. ಅಬ್ಬಾ ಹೇಳಿದರು, ರಂಗವ್ವ ಕೇಳಿದಳು. ರಂಗವ್ವನಿಂದ…

ಹೇಳೋ, ರಂಗವ್ವನಿಂದ ಯಾರು ಕೇಳಿದ್ರು ಅಂತ ಬರೀತೀಯ?